ಹಿತ್ತಲ ಕೊಳದ ತಳದಲ್ಲಿ ಆರು ಕಾಲಿನ ಕಂದು ಹುಳ ಕಾಣ್ತಿದೆ, ಇದು ಏರೋಪ್ಲೇನ್ ಚಿಟ್ಟೆ ಮರೀನಾ? ಹೇಗೆ ನೋಡೋದು?

ಬಹುತೇಕ ಹೌದು, ಏರೋಪ್ಲೇನ್ ಚಿಟ್ಟೆ, ಅಂದ್ರೆ ಡ್ರಾಗನ್‌ಫ್ಲೈನ ಲಾರ್ವಾನೇ (ಮರಿಹುಳ) ಇರ್ಬೇಕು. ಬಿಳಿ ಟ್ರೇಗೆ ಕೊಳದ್ದೇ ನೀರು ಹಾಕಿ, ತಳದ ಕೆಸರನ್ನ ಜಾಲರಿಯಿಂದ ಮೆಲ್ಲಗೆ ಎತ್ತಿ ಅದಕ್ಕೆ ಬಿಡಿ, ಬಾಲದ ತುದೀಲಿ ಎಲೆ ಥರ ಮೂರು ಗರಿ ಕಂಡ್ರೆ ಅದು ಡ್ಯಾಮ್ಸೆಲ್‌ಫ್ಲೈ (ಡ್ರಾಗನ್‌ಫ್ಲೈನ ಹತ್ತಿರದ ಸಂಬಂಧಿ, ಮೈ ತೆಳ್ಳಗಿರುತ್ತೆ) ಮರಿ, ಇಲ್ಲದೆ ಮೈ ದಪ್ಪಗಿದ್ರೆ ಡ್ರಾಗನ್‌ಫ್ಲೈ. ಮಜಾ ಏನಂದ್ರೆ ಇದು ಉಸಿರಾಡೋದು ಹಿಂಬದಿಯಿಂದ, ಗುದನಾಳದ ಒಳಗೇ ಕಿವಿರು ಇರುತ್ತೆ, ಹೆದರಿಸಿದ್ರೆ ಅದೇ ನೀರನ್ನ ಹಿಂದಕ್ಕೆ ಚಿಮ್ಮಿಸಿ ಸರ್ರಂತ ಮುಂದೆ ಹೋಗುತ್ತೆ. ತಲೆ ಕೆಳಗೆ ಮಡಚಿಟ್ಟಿರೋ ಕೆಳತುಟಿನ ಕಣ್ಣು ಮಿಟುಕಿಸೋದ್ರೊಳಗೆ ಚಾಚಿ ಬೇಟೆ ಹಿಡಿಯುತ್ತೆ, ಸೊಳ್ಳೆ ಮರಿ, ಗೊದಮೊಟ್ಟೆ, ಚಿಕ್ಕ ಮೀನು, ಕೊನೆಗೆ ತನ್ನ ಜಾತಿಯವನ್ನೂ ಬಿಡಲ್ಲ, ಹಾಗಾಗಿ ಒಂದೇ ಟ್ರೇಲಿ ಎರಡನ್ನ ತುಂಬ ಹೊತ್ತು ಇಡಬೇಡಿ.

ಜಾತಿ ನೋಡ್ಕೊಂಡು ಒಂದೆರಡು ತಿಂಗಳಿಂದ ಕೆಲವು ವರ್ಷದವರೆಗೂ ನೀರಲ್ಲೇ ಇರುತ್ತೆ. ರೆಕ್ಕೆ ಬಿಚ್ಚೋದು ನೋಡ್ಬೇಕಂದ್ರೆ ನೀರಿಂದ ಮೇಲೆದ್ದಿರೋ ಕಡ್ಡಿ, ಜೊಂಡು ಇರ್ಲಿ, ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಅದನ್ನ ಹತ್ತಿ ಬೆನ್ನು ಸೀಳ್ಕೊಂಡು ಹೊರಗೆ ಬರುತ್ತೆ, ಆಗ ಮಾತ್ರ ಮುಟ್ಬೇಡಿ, ಮೆತ್ತಗಿರೋ ರೆಕ್ಕೆ ಸೊಟ್ಟ ಆಗ್ಬಿಡುತ್ತೆ. ಉಳಿದ ಖಾಲಿ ಪೊರೆ ಬೇಕಾದ್ರೆ ಎತ್ತಿಟ್ಕೊಳ್ಳಿ, ಅದರಿಂದ್ಲೂ ಜಾತಿ ಗುರುತಿಸಬಹುದು. ಕೊಳದಲ್ಲಿ ಮೀನು ಜಾಸ್ತಿ ಇದ್ರೆ ಕಷ್ಟ, ಲಾರ್ವಾನೆಲ್ಲ ಅವೇ ತಿಂದು ಮುಗಿಸ್ತವೆ.