ಕುಲಪತಿ ನೇಮಕದಲ್ಲಿ ಕೊನೆಯ ಮಾತು ಯಾರದು?

ನಮಸ್ಕಾರ. ಮಗಳು ಚಿತ್ರದುರ್ಗದ ಜಿ.ಆರ್. ಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಓದುತ್ತಿದ್ದಾಳೆ, ಕುಲಪತಿ ನೇಮಕಕ್ಕೆ ರಾಜಭವನ ಮತ್ತು ಸರ್ಕಾರ ಹಗ್ಗಜಗ್ಗಾಟ ಮಾಡಿದರೆ ಅಂಕಪಟ್ಟಿ ನಿಲ್ಲುತ್ತಾ, ಕೊನೆಯ ಮಾತು ಯಾರದು ಅಂತ ಕೇಳಿದ್ದೀರಿ.

ಅಂಕಪಟ್ಟಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ವಿವಿಯಲ್ಲಿ ಪರೀಕ್ಷೆ ನೋಡಿಕೊಳ್ಳುವ ಅಧಿಕಾರಿ, ಅಂದರೆ ಪರೀಕ್ಷಾಂಗ ಕುಲಸಚಿವರ ಕೆಲಸ. ಕುಲಪತಿ ಹುದ್ದೆ ಖಾಲಿಯಾದರೂ ಹಂಗಾಮಿ ಒಬ್ಬರು ಇರುತ್ತಾರೆ.

ನೇಮಕದ ವಿಷಯ ಬೇರೆ. ನಿಮ್ಮ ಮಗಳ ಕೇಂದ್ರ ಸೇರಿರುವ ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಕುವೆಂಪು ವಿವಿಯಿಂದ ಬೇರೆಯಾಯಿತು. ನಡೆಯುವುದು 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ. ಕುಲಪತಿಯಾಗಲು ತಕ್ಕವರನ್ನು ಹುಡುಕುವ ಶೋಧನಾ ಸಮಿತಿಗೆ ರಾಜ್ಯಪಾಲರು, ಸರ್ಕಾರ, ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ), ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಬ್ಬೊಬ್ಬರನ್ನು ಕಳಿಸುತ್ತಾರೆ. ಸಮಿತಿ ಕೊಟ್ಟ ಹೆಸರುಗಳಲ್ಲಿ ಒಬ್ಬರನ್ನು ಕುಲಾಧಿಪತಿಯಾದ ರಾಜ್ಯಪಾಲರು ನೇಮಿಸುತ್ತಾರೆ, ಆದರೆ ಸರ್ಕಾರ ಒಪ್ಪಬೇಕು. ರಾಜ್ಯಪಾಲರನ್ನು ಕಳಿಸುವ ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ ಇದ್ದರೆ ಕಡತ ಇಲ್ಲೇ ಸಿಕ್ಕಿಬೀಳುತ್ತದೆ.

2025ರ ಜನವರಿಯ ಯುಜಿಸಿ ಕರಡು ನಿಯಮ ಈ ಸಮಿತಿಯಲ್ಲಿ ರಾಜ್ಯ ಸರ್ಕಾರಕ್ಕೆ ಜಾಗವನ್ನೇ ಕೊಡಲಿಲ್ಲ. ಅದನ್ನು ವಿರೋಧಿಸಿ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಸಚಿವರು ಸೇರಿದರು. ಸಂಬಳ, ಕಟ್ಟಡಕ್ಕೆ ದುಡ್ಡು ಕೊಡುವ ಸರ್ಕಾರಕ್ಕೆ ಮಾತಿಲ್ಲ ಅನ್ನುವುದು ತಪ್ಪು. ಹಾಗಂತ ಶಾಸಕರ ಶಿಫಾರಸು, ಜಾತಿ ಲೆಕ್ಕ ನೋಡಿ ನೇಮಿಸುವುದೂ ಅಷ್ಟೇ ತಪ್ಪು, ಅಲ್ವಾ?

ನಿಮ್ಮ ಮಗಳಿಗೆ ನಿಜವಾಗಿ ಪೆಟ್ಟು ಬೀಳುವುದು ಬೇರೆ ಕಡೆ. ಹಂಗಾಮಿ ಕುಲಪತಿ ದೊಡ್ಡ ತೀರ್ಮಾನಕ್ಕೆ ಹಿಂಜರಿಯುತ್ತಾರೆ. ಕಾಯಂ ಅಧ್ಯಾಪಕರ ನೇಮಕ ಮುಂದೆ ಹೋಗುತ್ತದೆ. ತರಗತಿಯ ಭಾರ ಅತಿಥಿ ಉಪನ್ಯಾಸಕರ ಮೇಲೆ ಬೀಳುತ್ತದೆ. ಅವಳ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ ಇದ್ದಾರೆ, ಮೊದಲು ಅದನ್ನು ವಿಚಾರಿಸಿ. ಸುಮ್ನೆ ಬಾಯಿಮಾತಿಗೆ ಬಿಡದೆ ಮಾಹಿತಿ ಹಕ್ಕಿನಡಿ ಬರವಣಿಗೆಯಲ್ಲೇ ಕೇಳಿ.