ಅಣು ವಿದ್ಯುತ್ತಿನ ಸುದ್ದಿ ಪೇಪರಿನಲ್ಲಿ ಯಾವಾಗಲೂ ಹೆದರಿಸುವ ಹಾಗೆಯೇ ಯಾಕಿರುತ್ತದೆ?

ಪೇಪರಿಗೆ ಬೇಕಾದದ್ದು ಘಟನೆ. ಸುಮ್ನೆ ಓಡುತ್ತಿರುವ ಸ್ಥಾವರ ಘಟನೆ ಅಲ್ಲ, ಅಷ್ಟೇ.

ಕೈಗಾವನ್ನೇ ನೋಡಿ. ಅಲ್ಲಿನ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿತು. ಆಗ ಅದು ವಿಶ್ವ ದಾಖಲೆ. ಆದರೆ 961 ದಿನ ಅದರಲ್ಲಿ ಬರೆಯಲು ಏನಿತ್ತು? 2009ರ ನವೆಂಬರಿನಲ್ಲಿ ಅಲ್ಲೇ ಕುಡಿಯುವ ನೀರಿನ ಕೂಲರಿಗೆ ಟ್ರೀಷಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಸೇರಿ, 50ಕ್ಕೂ ಜಾಸ್ತಿ ಕೆಲಸಗಾರರ ದೇಹಕ್ಕೆ ಹೋಯಿತು. ಅದು ದೊಡ್ಡ ಸುದ್ದಿ. ಆಗಬೇಕಾದದ್ದೇ ಬಿಡಿ.

ಇನ್ನೊಂದು, ಸುದ್ದಿ ಯಾವ ಪುಟದ್ದು ಅನ್ನುವುದು. ನಮ್ಮ ಕಾಸರಗೋಡಿನ ಚೀಮೇನಿಯಲ್ಲಿ ಸ್ಥಾವರ ಬರಬಹುದು ಎಂಬ ಮಾತು ಎದ್ದಾಗ, ವಾಣಿಜ್ಯ ಪುಟದವರಿಗೆ ಅದು ಮೆಗಾವಾಟ್ ಲೆಕ್ಕ. ಜಿಲ್ಲಾ ಪುಟದವರಿಗೆ ಜಾಗ, ನೀರು, ಜನರ ಭಯ. ಈ ಭಯಕ್ಕೆ ಇಲ್ಲಿ ಕಾರಣವೂ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿ, ಜನ ಅದರಿಂದ ನರಳಿದ್ದನ್ನು ಕಂಡ ಊರು ಇದು. ಇಲ್ಲಿ "ಏನೂ ಅಪಾಯ ಇಲ್ಲ" ಎಂದು ಅಧಿಕಾರಿ ಹೇಳಿದರೆ ವರದಿಗಾರ ಎರಡು ಸಲ ಕೇಳುತ್ತಾನೆ. ನನಗಂತೂ ಅದು ತಪ್ಪು ಅನಿಸುವುದಿಲ್ಲ.

ತಪ್ಪು ಅನಿಸುವುದು ಫೋಟೋ. ದೊಡ್ಡ ಗೋಪುರ, ಮೇಲೆ ಬಿಳಿ ಹೊಗೆ, ನೋಡಿದ್ದೀರಿ ಅಲ್ವಾ? ಅದು ಹೊಗೆಯೇ ಅಲ್ಲ, ಸ್ಥಾವರದ ಬಿಸಿ ನೀರನ್ನು ತಂಪು ಮಾಡುವಾಗ ಏಳುವ ನೀರಿನ ಆವಿ. ಕಲ್ಲಿದ್ದಲಿನ ಸ್ಥಾವರಗಳಲ್ಲೂ ಅಂಥ ಗೋಪುರ ಇರುತ್ತದೆ. ಸಮುದ್ರದ ನೀರಿನಿಂದಲೇ ತಂಪು ಮಾಡುವ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದಲ್ಲಿ ಅಂಥದ್ದು ಇಲ್ಲವೇ ಇಲ್ಲ.