1989ರ 325ಐ ಅಥವಾ 2019ರ ಮಿಯಾಟಾ: ವಾರಾಂತ್ಯಕ್ಕೆ ಯಾವುದು?

ಸರ್, ನಾಲ್ಕು ಬಾಗಿಲಿನ ಹಳೆಯ ಬಿಎಂಡಬ್ಲ್ಯೂ 325ಐ ತಗೊಳ್ಳಲೋ, ಟಾಪ್ ತೆರೆಯುವ ಎರಡು ಸೀಟಿನ ಮಾಜ್ದಾ ಮಿಯಾಟಾ ತಗೊಳ್ಳಲೋ ಅಂತ ಕೇಳಿದ್ದೀರಿ. ಇರೋದು ನ್ಯೂಜೆರ್ಸಿ, ಕಾರು ನಿಲ್ಲಿಸಲು ಗ್ಯಾರೇಜ್ ಇಲ್ಲ, ಆರು ವರ್ಷದ ಮಗಳಿದ್ದಾಳೆ, ಬಿಡುವು ಶನಿವಾರ ಮಾತ್ರ ಅಂತಲೂ ಬರೆದಿದ್ದೀರಿ. ನನ್ನ ಹತ್ತಿರ ಏಳು ವರ್ಷದಿಂದ ಅದೇ 325ಐ ಇದೆ. ಗೆಳೆಯನ ಮಿಯಾಟಾವನ್ನೂ ಎರಡು ವಾರ ಓಡಿಸಿದ್ದೇನೆ. ನಿಮಗೆ ನಾನು ಹೇಳುವುದು ಮಿಯಾಟಾ.

ಎಂಜಿನ್ ಶಕ್ತಿಯಲ್ಲಿ ಅಂಥ ಅಂತರವಿಲ್ಲ. ಬಿಎಂಡಬ್ಲ್ಯೂದ 2.5 ಲೀಟರ್, ಆರು ಸಿಲಿಂಡರ್ ಎಂಜಿನ್‌ಗೆ 168 ಎಚ್‌ಪಿ. ಮಿಯಾಟಾದ 2 ಲೀಟರ್‌ಗೆ 181. ಆದರೆ ಮಿಯಾಟಾ ಸುಮಾರು 200 ಕಿಲೋ ಹಗುರ, ಅದು ತಿರುವಿನಲ್ಲಿ ಗೊತ್ತಾಗುತ್ತದೆ. ಕೈ ಸ್ವಲ್ಪ ಆಡಿಸಿದರೆ ಸಾಕು, ಮೂತಿ ತಿರುಗಿರುತ್ತದೆ. ನನ್ನ ಕಾರಿಗೆ ಸ್ಟೀರಿಂಗ್ ಹೆಚ್ಚು ಸುತ್ತಬೇಕು; ಮೊದಲು ಒಂದು ಕಡೆ ವಾಲಿ, ಆಮೇಲೆ ನೆಲ ಹಿಡಿಯುತ್ತದೆ. ಮಳೆಯಲ್ಲಂತೂ ತಿರುವಿನ ನಡುವೆ ಗಾಬರಿಬಿದ್ದು ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರುತ್ತದೆ, ತಡೆಯಲು ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಇಷ್ಟಾದರೂ 4,000 ಆರ್‌ಪಿಎಂ ದಾಟಿದ ಮೇಲೆ ಆ ಆರು ಸಿಲಿಂಡರ್ ಎತ್ತುವ ದನಿ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಕಾರು ಮಾರಿಲ್ಲ.

ಹಿಂದಿನ ಸೀಟಿದೆ, ಮಗಳನ್ನು ಕನ್ನಡ ಕ್ಲಾಸಿಗೆ ಕರೆದೊಯ್ಯಬಹುದು ಅನ್ನುವುದು ನಿಮ್ಮ ಲೆಕ್ಕ. ನಾನೂ ಹಾಗೇ ಅಂದುಕೊಂಡು ತಗೊಂಡೆ. ಆದರೆ ಅದು 1989ರ ಕಾರು, ಪಕ್ಕದ ಏರ್‌ಬ್ಯಾಗ್ ಇಲ್ಲ. ಮಕ್ಕಳ ಸೀಟು ಬಿಗಿಯುವ ಲ್ಯಾಚ್ ಕೊಂಡಿ ಅಮೆರಿಕದಲ್ಲಿ ಕಡ್ಡಾಯವಾದದ್ದೇ 2002ರಲ್ಲಿ. ಹೈವೇಯಲ್ಲಿ ಎತ್ತರದ ಎಸ್‌ಯುವಿಗಳ ನಡುವೆ ನನ್ನ ಮಗನನ್ನು ಅದರಲ್ಲಿ ಕೂರಿಸಲು ನನಗೆ ಧೈರ್ಯ ಬರಲಿಲ್ಲ. ಮಿಯಾಟಾಗೆ ಹಿಂದಿನ ಸೀಟೇ ಇಲ್ಲ. ಯಾವುದನ್ನು ತಗೊಂಡರೂ ಮಗಳು ಹೋಗುವುದು ಮನೆಯ ಇನ್ನೊಂದು ಕಾರಿನಲ್ಲೇ.

ಇನ್ನು ಕೆಲಸದ ವಿಷಯ. 325ಐಯಲ್ಲಿ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಆಡಿಸುವ ಟೈಮಿಂಗ್ ಬೆಲ್ಟ್ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚಬೇಕು. ನಾನು ನಾಲ್ಕು ವರ್ಷಕ್ಕೊಮ್ಮೆ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಬದಲಿಸುತ್ತೇನೆ. ಮಾರುವವರು ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ. ಓಡೋಮೀಟರ್‌ನ ಪ್ಲಾಸ್ಟಿಕ್ ಗೇರ್ ಮುರಿದು ಮೈಲಿ ನಿಂತುಬಿಡುವುದು ಇವುಗಳಲ್ಲಿ ಮಾಮೂಲು, ಹಾಗಾಗಿ ಆ ಅಂಕಿಯನ್ನೂ ನಂಬಬೇಡಿ. ಇವೆಲ್ಲ ಶನಿವಾರಗಳಲ್ಲಿ ಮುಗಿಯುವ ಕೆಲಸ. ಮುಗಿಯದ್ದು ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಜಾಕ್ ಕೊಡುವ ಜಾಗವನ್ನೂ ಹಿಂದಿನ ಚಕ್ರದ ಮೇಲಿನ ತಗಡನ್ನೂ ತಿನ್ನುತ್ತದೆ. ಮೊದಲೆರಡು ಚಳಿಗಾಲ ನನ್ನ ಕಾರು ಬಯಲಲ್ಲೇ ನಿಂತಿತ್ತು. ಆಮೇಲೆ ತಳ ಕತ್ತರಿಸಿ ವೆಲ್ಡಿಂಗ್ ಮಾಡಿಸಲು ಮೂರು ತಿಂಗಳು ಹಿಡಿಯಿತು. ಆ ನೋವು ನಿಮಗೆ ಬೇಡ.

ಮಿಯಾಟಾದ ಡಿಕ್ಕಿ 130 ಲೀಟರ್, ಎರಡು ಸಣ್ಣ ಬ್ಯಾಗ್ ಹಿಡಿದರೆ ಹೆಚ್ಚು. ಆರಡಿ ಮೇಲಿದ್ದರೆ ಮೊದಲು ಟಾಪ್ ಮುಚ್ಚಿಕೊಂಡು ಅರ್ಧ ಗಂಟೆ ಕೂತು ನೋಡಿ. 2019ರದ್ದೇ ಹುಡುಕಿ, 181 ಎಚ್‌ಪಿ ಎಂಜಿನ್, ಹಿಂದೆಮುಂದೆ ಸರಿಯುವ ಸ್ಟೀರಿಂಗ್ ಬಂದದ್ದು ಆ ವರ್ಷದಿಂದ. ಅದಕ್ಕೂ ಮುಂಚಿನ ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ದೂರು ಇತ್ತು.

ಮನಸ್ಸು 325ಐ ಮೇಲೇ ಇದ್ದರೆ ಮೊದಲು ಬಾಡಿಗೆಗಾದರೂ ಒಂದು ಗ್ಯಾರೇಜ್ ಹಿಡಿಯಿರಿ, ಆಮೇಲೆ ಅರಿಜೋನಾದಂಥ ಒಣ ಊರಿನ ಕಾರು ಹುಡುಕೋಣ. ನೋಡಲು ನಾನೂ ಬರುತ್ತೇನೆ. ಟಾರ್ಚ್ ಮತ್ತು ಆಯಸ್ಕಾಂತ ನನ್ನ ಹತ್ತಿರವೇ ಇವೆ. ತುಕ್ಕು ಮುಚ್ಚಲು ಪುಟ್ಟಿ ಮೆತ್ತಿದ ಕಡೆ ಆಯಸ್ಕಾಂತ ಹಿಡಿಯುವುದಿಲ್ಲ.